ಕೂಡಿ ಉಂಡ ಊಟ

ಸವಣೂರು, ೧೨-೧೧-೧೯೫೭, ಮಂಗಳವಾರ

ಇವತ್ತೂ ಪಡಸಾಲೆಯಲ್ಲಿ ನಮ್ಮ ಪತಿರಾಯರ ವಿಲಾಯತಿ ಪುರಾಣ. ಬೇಸಾಯ ಖಾತೆಯವರು ಕಳಿಸಿದ್ದರಿಂದ ಎರಡು ವರ್ಷ ಗಂಡ ಹೆಂಡತಿ ಕೂಡಿಯೇ ದೇಶ ದೇಶ ಸುತ್ತಿದೆವು. ಪುರಾಣದಲ್ಲಿ ಮಾತ್ರ ಇವರೊಬ್ಬರೇ. “ರೋಮದಾಗ ನಾ ಒಬ್ಬನ ಹಾದಿ ಹುಡುಕಿದೆ” ಅಂತೆ! ಹಾದಿ ಕೇಳಲು ನಾಚಿ ನನ್ನನ್ನು ಮುಂದೆ ತಳ್ಳಿದ್ದು ಯಾರು?

ಎಲೆತೋಟದ ಶಿದ್ಲಿಂಗಪ್ಪ ಕೇಳಿದ: “ವೈನಿಯವರು ಹಡಗಿನ್ಯಾಗ ಅಂಜಲಿಲ್ಲೇನ್ರಿ?”

“ಆಕಿಗೇನ್ ಗೊತ್ತಾಗ್ತೈತಿ? ಮುಂಬೈ ಬಿಟ್ಟಾಗಿಂದ ಏಡನ್ ಬರೂತನಕ ಮಕ್ಕೊಂಡ ಇದ್ಲು.”

ಮಲಗಿದ್ದವರು ಇವರು. ವಾಂತಿಯ ಬಕೆಟ್ಟು ಹಿಡಿದವಳು ನಾನು. ಮಂದಿ ಖಾರ-ಚುರಮುರಿ ಮೆಲ್ಲುತ್ತ ಹೋ ಎಂದು ನಕ್ಕರು. ಇಂಥ ಗಂಡಸನ್ನು ಹೊತ್ತು ಸಮುದ್ರಕ್ಕೇ ಹೇಸಿಕೆ ಬಂದಿರಬೇಕು.

ಆಮೇಲೆ ಅಡಿಗೆಮನೆಯಲ್ಲಿ ಅತ್ತೆ ಮೆಲ್ಲಗೆ ಕೇಳಿದರು: “ಖರೇ ಹೇಳವ್ವಾ, ಅಲ್ಲೆ ಇಬ್ಬರೂ ಕೂಡೇ ಕುಂತು ಉಣ್ತಿದ್ರೇನು?”

ದಿನಾ ಉಂಡಿದ್ದೇವೆ. ಲಂಡನ್ನಿನಲ್ಲಿ ಇವರು ನನಗೆ ಕುರ್ಚಿ ಎಳೆದು ಕೊಟ್ಟು, ನಾನು ಕೂತ ಮೇಲೆಯೇ ತಾವು ಕೂಡುತ್ತಿದ್ದರು. ಈಗ ನಮ್ಮೆದುರಿಗೇ ಮಣೆಯ ಮೇಲೆ ಊಟಕ್ಕೆ ಕೂತಿದ್ದರು. ಪ್ರಶ್ನೆ ಕಿವಿಗೆ ಬಿದ್ದಿತ್ತು. ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತ ಕೂತರು. ಥೂ, ಹೇಡಿ!

“ಇಲ್ರೀ ಅತ್ತಿ. ಅವರು ಉಂಡ ಮ್ಯಾಲೇ ನಾ ಉಣ್ತಿದ್ದೆ,” ಎಂದೆ.

ಅತ್ತೆಯ ಮುಖ ಬಾಡಿತು.

“ಅಲ್ಲಿಗೆ ಹೋಗಿನೂ ಹಂಗ ಆತೇನವ್ವಾ? ನೀನರ ಉಂಡಿರ್ತಿ ಅಂತ ಮಾಡಿದ್ದೆ.”

ಹೇಡಿ ಎಂದು ಬರೆದಿದ್ದೇನೆ, ಮೇಲೆ. ಅದನ್ನು ಇವರೊಬ್ಬರಿಗೇ ಮೀಸಲಿಡುವ ಹಾಗಿಲ್ಲ; ಅತ್ತೆಗೆ ಖರೇ ಹೇಳಲು ಅಂಜಿದವಳು ನಾನೂ ಅಲ್ಲವೇ?