ಶೋಕೇಸಿನ ಅತ್ತರು ಬಾಟಲಿಗಳು

ಮಾರಾಯ್ರೇ, ನೀವು ಬರುವಾಗ ನಾನು ಡ್ಯೂಟಿಯಲ್ಲಿ. ಅನ್ನ ಕುಕ್ಕರಿನಲ್ಲಿ ಉಂಟು, ಬಂಗುಡೆ ಸಾರು ಬಿಸಿ ಮಾಡಿಕೊಳ್ಳಿ.

ನಿಮ್ಮ ಖಾಲಿ ಅತ್ತರು ಬಾಟಲಿಗಳು ಮೂವತ್ತೆರಡು ಇದ್ದದ್ದು, ಈಗ ಹನ್ನೊಂದು. ಒರೆಸುವಾಗ ಒಂದು ಒಡೆದದ್ದಕ್ಕೆ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟವರು ನೀವು! ಪಕ್ಕದ ಫ್ಲ್ಯಾಟಿನ ಸುಪ್ರೀತಾ, "ಅಂಕಲ್ ನಂಗೆ ನಾಲ್ಕು ಕೊಟ್ರು ಆಂಟಿ, ಅವರಿಗಿನ್ನು ಬೇಡ ಅಂತೆ" ಅಂದಳು. ಮಂಚದ ಅಡಿಯಲ್ಲಿ, ಊರಿಗೆ ಸಾಮಾನು ಕಳಿಸುವ ಕಾರ್ಗೋದವರ ಹೊಸ ಪೆಟ್ಟಿಗೆಯೂ ಕಂಡೆ. ದಿನಾ ಏಳಕ್ಕೆ ಟೈ ಕಟ್ಟಿ ಇಳಿಯುತ್ತೀರಿ, ಆದರೆ ಕಂಪನಿಯ ವ್ಯಾನು ಹತ್ತು ದಿನದಿಂದ ಈ ಗಲ್ಲಿಗೆ ಬಂದದ್ದೇ ಇಲ್ಲ.

ಮೊಸರು ಮುಗಿದಿದೆ, ಗ್ರೋಸರಿಗೆ ಫೋನ್ ಮಾಡಿ ತರಿಸಿ. ಉಳಿದ ಬಾಟಲಿ ಯಾರಿಗೂ ಕೊಡಬೇಡಿ. ಕೆಲಸ ಹೋಗಿ ವೀಸಾ ಕ್ಯಾನ್ಸಲ್ ಆಗಿದ್ದರೆ ಬಾಯಿ ಬಿಟ್ಟು ಹೇಳಿ. ಆ ಪೆಟ್ಟಿಗೆಯಲ್ಲಿ ನನ್ನ ಸೀರೆಗೂ ಜಾಗ ಇಡಿ.

ಸ್ವರ್ಣ