ಪೈಲಟ್ ಕುಬೇರ

ವಾಸ್ಕೋ, ಗೋವಾ,
೧೭ ನವೆಂಬರ್ ೨೦೨೪, ರವಿವಾರ

ಪ್ರೀತಿಯ ನಂದಾ ಚಿಗವ್ವಗ,

ನಿನ್ನ ಗೀತಾಂಜಲಿಯ ನಮಸ್ಕಾರ. ಹೆಂಗದಿ? ಮೊಣಕಾಲ ನೋವಿಗೆ ಔಷಧ ತಗೊಂಡಿ ಏನು? ಅವತ್ತು ನೀ ಕುಂಟಕೋತ ಬರೂದನ್ನ ನೋಡಿದೆ. ಬೈಲಹೊಂಗಲದಾಗ ಥಂಡಿ ಚಾಲೂ ಆಗಿರಬೇಕು, ಬರೇ ನೆಲದ ಮ್ಯಾಲ ಮಲಗಬ್ಯಾಡ. ನಾವೆಲ್ಲ ಇದ್ದೇವಿ. ಚಲೋ ಇದ್ದೇವಿ ಅಂತ ಬರಿಯಾಕ ಕೈ ಏಳವಲ್ದು. ನಿನ್ನ ಫೋನ್ ನಂಬರ್ ನಮ್ಮ ಮನ್ಯಾಗ ಯಾರ ಹತ್ರಾನೂ ಇಲ್ಲ. ಪೈಲಟ್ ಸ್ಟ್ಯಾಂಡಿನ ಬಾಜೂಕ ಹೂ ಮಾರೂ ಮರಿಯಮ ನಿಮ್ಮೂರ ಕಡೆಯಾಕಿ ಅಲ್ಲಾ, ಅಕಿನ್ನ ಕೇಳಿ ವಿಳಾಸ ತಗೊಂಡೆ.

ಕುಬೇರ ಕಾಕಾನ ಮಣ್ಣಿಗೆ ನೀ ಬಂದಿದ್ದಿ. ಓಣಿ ತುದಿಗೆ ನಳದ ಹತ್ರ ಸೆರಗು ಬಾಯಿಗೆ ಹಿಡಕೊಂಡು ನಿಂತಿದ್ದಿ. ಒಳಗ ಬಾ ಅಂತ ಯಾರೂ ಕರೀಲಿಲ್ಲ, ಅಜ್ಜಿ ಮುಖಾ ಹೊಳ್ಳಿಸಿದ್ಲು. ನಾ ಮಂದಿ ದಾಟಿ ಹೊರಗ ಬರೂದ್ರಾಗ ನೀ ಹೋಗಿಬಿಟ್ಟಿದ್ದಿ. ಎಂಟು ವರ್ಷದ ಮ್ಯಾಲ ಗಂಡನ ಮುಖಾ ನೋಡಾಕ ಬಂದಾಕಿ ಒಂದು ಗುಟುಕು ಚಾ ಸೈತ ಕುಡೀಲಿಲ್ಲ. ಅಂವ ಹೋದ ಸುದ್ದಿ ಅಷ್ಟ ಮರಿಯಮ ಮುಟ್ಟಿಸಿದ್ಲಂತ, ಹೆಂಗ ಹೋದ ಅಂತ ನಿನಗ ಯಾರೂ ಹೇಳಿರಾಕಿಲ್ಲ.

ಸಣ್ಣಾಕಿ ಇದ್ದಾಗ ನನಗ ಕಾಕಾ ಖರೇನ ವಿಮಾನ ಹಾರಸ್ತಾನ ಅಂತ ಅನಸಿತ್ತು. ಬಾಡಿಗಿ ಮೋಟಾರ್‌ಸೈಕಲ್ ಹೊಡಿಯೋರಿಗೆ ಇಲ್ಲೆ ಪೈಲಟ್ ಅಂತಾರಂತ ಗೊತ್ತಾಗೂದ್ರಾಗ ನಾಲ್ಕನೇ ಇಯತ್ತೆ ಮುಗಿದಿತ್ತು. ಹಿಂದ ಯಾರು ಕುಂತರೂ ಅಂವ ಗಂಟಲಾ ಸರಿ ಮಾಡಿಕೊಂಡು, “ವಿಮಾನ ಈಗ ಬಾಯ್ನಾ ದಂಡಿ ಮ್ಯಾಲ ಹಾರಾಕತ್ತೈತಿ, ಮೀನದ ವಾಸನಿ ಬಂದ್ರ ಕಂಪನಿ ಜವಾಬ್ದಾರ ಅಲ್ಲ” ಅಂತಿದ್ದ. ಬಿಂಕದ ಬ್ಯಾಂಕಿನ ಸಾಹೇಬರೂ ಹೊಟ್ಟಿ ಹಿಡಕೊಂಡು ಇಳೀತಿದ್ರು. ಸತ್ತವರಂಗ ಕಣ್ಣು ಮುಚ್ಚಿ ಬಿದ್ದು ನಮ್ಮನ್ನ ಅಂಜಿಸಿ, ನಾವು ಅಳಾಕತ್ತ ಕೂಡ್ಲೆ ಕಚಗುಳಿ ಇಡೂದು ಅಂವನ ಇನ್ನೊಂದು ಆಟ.

ಮುಂದಿಂದು ನಿನಗ ಗೊತ್ತಿದ್ದದ್ದ, ಆದರೂ ಬರೀತೇನಿ, ಯಾಕಂದ್ರ ನಮ್ಮ ಮನ್ಯಾಗ ಅದನ್ನ ಯಾರೂ ಬಾಯಿ ಬಿಟ್ಟು ಹೇಳೂದಿಲ್ಲ. ಕೆಲವು ತಿಂಗಳ ಕಾಕಾ ನಿದ್ದಿ ಇಲ್ಲದ ಹಾರತಿದ್ದ, ಮಂದೀನ್ನ ಪುಕ್ಕಟೆ ಅಷ್ಟು ದೂರದ ವಾಳಪೈ ತನಕ ಬಿಟ್ಟು ಬರತಿದ್ದ. ಆಮ್ಯಾಲ ಗ್ವಾಡಿ ಕಡೆ ಮುಖಾ ಮಾಡಿ ಕುಂತ್ರ ಅನ್ನ, ಜಳಕ ಯಾವುದೂ ಬ್ಯಾಡ. ಅಜ್ಜಿ ತಾಯಿತ ಕಟ್ಟಿಸಿದ್ಲು, ಸೊಸಿ ಕಾಲ್ಗುಣ ಅಂದ್ಲು. ಇದು ಮನಸ್ಸಿನ ಬ್ಯಾನಿ ಅಂತ ಹೇಳಿದಾಕಿ ನೀ ಒಬ್ಬಾಕಿ. ಬಾಂಬೋಳಿ ದವಾಖಾನಿಗೆ ಕರಕೊಂಡು ಹೋದಾಕೀನೂ ನೀನ. ಗುಳಿಗಿ ತಗೊಂಡಿದ್ದ ಆ ವರ್ಷಗಳಾಗ ಕಾಕಾ ಎಷ್ಟು ಚಲೋ ಇದ್ದ. ಗುಳಿಗಿಯಿಂದ ಕೈ ನಡಗತಾವು, ಬ್ರೇಕ್ ಹಿಡಿಯಾಕ ಬರೂದಿಲ್ಲಂತ ತಾನ ಬಿಟ್ಟ. ಬಿಟ್ಟ ಮ್ಯಾಲ ನಿನ್ನ ಮ್ಯಾಲ ಕೈ ಎತ್ತಿದ. ಆ ಮುಂಜಾನೆ ನೀ ಚೀಲಾ ಹಿಡಕೊಂಡು ಹೊಂಟಾಗ ಮನಿಯವರು ತಡೀಲಿಲ್ಲ.

ನೀ ಹೋದ ಮ್ಯಾಲ ಅಂವ ಗಾಡಿ ಹೊಡೀಲಿಲ್ಲ. ಅಪ್ಪನೂ ನಾನೂ ಮತ್ತ ಗುಳಿಗಿ ಚಾಲೂ ಮಾಡಿಸಿದ್ವಿ, ಆದ್ರ ಮದಲಿನ ಕಾಕಾ ಹೊಳ್ಳಿ ಬರಲಿಲ್ಲ. ದಿನಾ ಸ್ಟ್ಯಾಂಡಿಗೆ ಹೋಗಿ ಮರಿಯಮನ ಬಾಜೂಕ ಕಟ್ಟಿ ಮ್ಯಾಲ ಕೂಡತಿದ್ದ. ಮನಸ್ಸು ನೆಟ್ಟಗಿದ್ದ ದಿನ ಉಳದ ಪೈಲಟ್‌ಗಳ ಸಲುವಾಗಿ ಗಿರಾಕಿ ಕರೀತಿದ್ದ. ಇಲ್ಲದ ದಿನ ಟಾವೆಲ್ ತಲಿ ಮ್ಯಾಲ ಎಳಕೊಂಡು ಸುಮ್ಮನ ಕೂಡತಿದ್ದ. ನಿನ್ನ ಹೆಸರು ತಗೀತಿದ್ದಿಲ್ಲ. ಬೆಳಗಾವಿ ಬಸ್ ಬಂದ್ರ ಮಾತ್ರ ಎದ್ದು ನಿಂತು ಇಳಿಯೋರನ್ನ ನೋಡತಿದ್ದನಂತ. ಇದನ್ನ ಮರಿಯಮ ಈಗ ಹೇಳಿದ್ಲು.

ಅಂವ ಹೋದದ್ದೂ ಅಲ್ಲೇ. ಮುಂಜಾನೆ ಚಾ ಕುಡದು, ಮರಿಯಮನ ಹೂವಿನ ಬುಟ್ಟಿಗೆ ಆನಿಕೊಂಡು ಕಣ್ಣು ಮುಚ್ಚಿದ. ಆಟಾ ಹೂಡ್ಯಾನಂತ ಎಲ್ಲಾರೂ ನಕ್ಕರು. “ಏಳೋ ಕುಬೇರಾ, ಗಿರಾಕಿ ಬಂದಾರ” ಅಂತ ಅಕಿ ನೀರು ಚಿಮುಕಿಸಿದ್ಲು. ಅಂವ ಏಳತಾನಂತ ಕಾದರು, ಚಿಗವ್ವ. ಕೈ ಮುಟ್ಟಿ ನೋಡೂದ್ರಾಗ ತಣ್ಣಗಾಗಿತ್ತು. ಎದಿ ನಿಂತೈತಿ ಅಂದ್ರು ಡಾಕ್ಟರು. ನಕ್ಕದ್ದನ್ನ ನೆನಸಿ ಮರಿಯಮ ಇನ್ನೂ ಅಳತಾಳ. ಅಕೀದೇನು ತಪ್ಪು ಹೇಳು, ಆ ಆಟಾ ಕಲಿಸಿದಾಂವ ಅಂವನ.

ಅಜ್ಜಿ ಮಾತು ಕಡಿಮಿ ಮಾಡ್ಯಾಳ. ಮೊನ್ನೆ ಊಟಕ್ಕ ಕುಂತಾಕಿ ತುತ್ತು ಕೈಯಾಗ ಹಿಡಕೊಂಡು “ಅಕಿ ಉಣ್ಣದ ಹೋದ್ಲಲ್ಲ” ಅಂದ್ಲು.

ನಿಮ್ಮ ಅಣ್ಣಾರಿಗೆ, ವೈನಿಯವರಿಗೆ ನನ್ನ ನಮಸ್ಕಾರ ಹೇಳು. ನಿನ್ನ ಕಾಲಿಗೆ ಬಿದ್ದು ಮುಗಸ್ತೇನಿ.

ನಿನ್ನ ಮಗಳಂಥ
ಗೀತಾಂಜಲಿ

ತಾ.ಕ.: ಕವರ್ ಅಂಟಿಸಿದಾಕಿ ಮತ್ತ ಬಿಚ್ಚಿದೆ. ನನ್ನ ತಮ್ಮ ಬಾಳು ದೀಪಾವಳಿ ಮುಗದಾಗಿಂದ ಮಲಗವಲ್ಲ, ಮಾತು ನಿಲ್ಲಸವಲ್ಲ. ನಿನ್ನೆ ಮೈಮ್ಯಾಲಿನ ಅಂಗಿ ಬಿಚ್ಚಿ ದಾರ್ಯಾಗ ಯಾರಿಗೋ ಕೊಟ್ಟು ನಕ್ಕೋತ ಬಂದ. ವಯಸ್ಸಿನ ಹುಡುಗಾಟ ಅಂತಾಳ ಅವ್ವ. ಬಾಂಬೋಳಿಗೆ ಹೋಗೂಣು ಅಂದ್ರ “ನಾ ಹುಚ್ಚ ಏನು” ಅಂತ ಬಾಗಲಾ ಹಾಕ್ಕೊಂಡ. ಕಾಕಾನೂ ಇದ ಮಾತು ಅಂದಿರಬೇಕು. ಮದಲನೇ ಸಲ ಕಾಕಾನ್ನ ಏನು ಹೇಳಿ ಬಾಂಬೋಳಿ ಬಸ್ ಹತ್ತಿಸಿದಿ? ನನ್ನ ನಂಬರ್ ಕವರಿನ ಹಿಂದ ಬರದೇನಿ, ಪತ್ರ ಮುಟ್ಟಿದ ಕೂಡ್ಲೆ ಫೋನ್ ಹಚ್ಚು. ಅಜ್ಜಿಗೆ ಎಲ್ಲಾ ಹೇಳಿದೆ. “ನಂದಾನ್ನ ಕರಸು” ಅಂದ್ಲು.