ಕೆಳಗೆ ತೂಗುವ ಹಿಮ

ಪ್ರೀತಿಯ ಚಿಗವ್ವ,

ಬೆರಳಿಗೆಲ್ಲ ಜಾಲಿ ಅಂಟು ಮೆತ್ತಿಕೊಂಡಿದೆ. ಲೇಖನಿ ಕೈಬಿಡುತ್ತಿಲ್ಲ, ಕಾಗದವೂ ಬಿಡುತ್ತಿಲ್ಲ. ಇವತ್ತು ಕ್ರಿಸ್‌ಮಸ್. ಬೆಳಿಗ್ಗೆ ಮನೆಯೊಳಗೆ ಜನ ನುಗ್ಗಿ ನಮ್ಮ ಕ್ರಿಸ್‌ಮಸ್ ಗಿಡದ ಹತ್ತಿ ಅರಳೆ ಅಲ್ಲಲ್ಲಿ ಉದುರಿತ್ತು, ಊಟವಾದ ಮೇಲೆ ಅದನ್ನು ಮತ್ತೆ ಹಚ್ಚಿ ಈಗ ಬರೆಯಲು ಕೂತಿದ್ದೇನೆ. ನಮ್ಮ ಮನೆಗೆ ಯಾವ ಜನ ಬಂದರು ಅಂತ ಕೇಳುತ್ತೀಯಾ? ತಡಿ, ಹೇಳುತ್ತೇನೆ. ನಿನಗೆ ಓದಲು ಬಾರದು ಎಂದು ಗೊತ್ತು. ಬದುಕಿದ್ದಾಗಲೂ ನಿನಗೆ ಬಂದ ಕಾಗದ ಓದಿ ಹೇಳುತ್ತಿದ್ದವಳು ನಾನೇ ಅಲ್ಲವೇ? ಈಗಲೂ ಗಟ್ಟಿಯಾಗಿ ಓದಿಕೊಳ್ಳುತ್ತಲೇ ಬರೆಯುತ್ತಿದ್ದೇನೆ. ನಡುನಡುವೆ ನೀನು ಬಾಯಿ ಹಾಕುವುದೊಂದು ಇಲ್ಲ, ಅಷ್ಟೇ.

ಲಿಂಗಸುಗೂರಿನ ಹಳೆಯ ದಂಡಿನ ಛಾವಣಿಯ ಬಂಗಲೆ ನೆನಪಿದೆಯಾ? ಅವ್ವ ತೀರಿಕೊಂಡ ಮೇಲೆ ನೀನು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ನೀನು ದೊರಸಾನಿಯ ಆಯಾ, ನಾನು ಹಿಂದಿನ ಕೋಣೆಯ ತಬ್ಬಲಿ. ಡಿಸೆಂಬರ್ ಬಂತೆಂದರೆ ದೊರಸಾನಿ ಪೆಟ್ಟಿಗೆಯಿಂದ ಒಂದು ಗಿಡ ತೆಗೆಯುತ್ತಿದ್ದಳು. ತಂತಿಯ ಕೊಂಬೆ, ಹಸಿರು ಬಣ್ಣ ಹಾಕಿದ ಹಕ್ಕಿಪುಕ್ಕದ ಎಲೆ. ಅದರ ಕೆಳಗಿನ ನೆಲವನ್ನು ನೀನು ಒರೆಸಬಹುದು, ಕೊಂಬೆ ಮುಟ್ಟುವ ಹಾಗಿಲ್ಲ. ಒಂದು ವರ್ಷ ಆಕೆ ಆ ಗಿಡದ ಮುಂದೆ ಕೂತು ಅತ್ತುಬಿಟ್ಟಳು. ತನ್ನ ಅರೆಬರೆ ಕನ್ನಡದಲ್ಲಿ, "ನಮ್ಮ ದೇಶ ಈಗ ಹಿಮ ಇದೆ ಸಾರಾ. ಬೆಳ್ಳಗೆ. ಹತ್ತಿ ಹಾಗೆ. ಗಿಡ ತುಂಬಾ ಹತ್ತಿ ಹಾಗೆ" ಎಂದಳು. ನೀನು ಒರೆಸುವ ಬಟ್ಟೆ ಹಿಂಡುತ್ತ ಕೇಳಿದೆ, "ಅಷ್ಟು ಹತ್ತೀನ ಯಾರು ಬಿಡಸ್ತಾರ್ರಿ ಅಮ್ಮಾವ್ರ?" ದೊರಸಾನಿ ಅಳುವುದನ್ನು ಬಿಟ್ಟು ನಕ್ಕಳು. ಯಾಕೆ ನಕ್ಕಳು ಎಂದು ನಿನಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ನಿಜಾಮರ ಆಳ್ವಿಕೆ ಮುಗಿದ ಮರುವರ್ಷ ದೊರಸಾನಿ ತನ್ನ ದೇಶಕ್ಕೆ ಹೊರಟಳು. ಗಿಡವೂ ಪೆಟ್ಟಿಗೆ ಸೇರಿ ಹಡಗು ಹತ್ತಿತು. ನಮಗೆ ಉಳಿದದ್ದು ಒಂದು ಮುರಿದ ಛತ್ರಿ. ಅದನ್ನು ಬಗಲಲ್ಲಿ ಇಟ್ಟುಕೊಂಡು ನೀನು ನನ್ನ ಜೊತೆ ಮಸ್ಕಿಗೆ, ಕೇರಿಯ ಕೊನೆಯ ಈ ಮನೆಗೆ ಬಂದೆ. ಗಂಟು ಬಿಚ್ಚುವ ಮೊದಲೇ ಹೇಳಿದೆ, "ರೂತಿ, ಈ ವರ್ಷ ಗಿಡ ನಮ್ಮ ಮನಿಯಾಗ. ಮುಟ್ಟಬ್ಯಾಡ ಅನ್ನೋರು ಯಾರದಾರ ನೋಡೋಣು!" ಕ್ರಿಸ್‌ಮಸ್ ಗಿಡ ಎಂದರೆ ಬಂಗಲೆಯದು ಎಂದು ನಂಬಿದ್ದವಳು ನಾನು. ನೀನು ಅದನ್ನು ನಂಬಲೇ ಇಲ್ಲ.

ಛತ್ರಿಯ ಬಟ್ಟೆ ಕಿತ್ತು ಕಡ್ಡಿಗಳನ್ನು ಬಿಡಿಸಿದ ದಿನ ಎಂಥ ರಾದ್ಧಾಂತ! ಪುಂಡಿದಂಟಿನ ನಾರಿಗೆ ಹಸಿರು ಬಣ್ಣ ಹಾಕಿ ಕಡ್ಡಿಗಳಿಗೆ ಸುತ್ತಿದೆವು, ಕೆಳಗೆ ಬಿದಿರಿನ ಸೀಳು ಕಟ್ಟಿ ಇನ್ನಷ್ಟು ಕೊಂಬೆ ಮಾಡಿದೆವು, ಮರಳು ತುಂಬಿದ ಎಣ್ಣೆ ಡಬ್ಬಿಯಲ್ಲಿ ನಿಲ್ಲಿಸಿದೆವು. ನಮ್ಮಿಬ್ಬರ ಅಂಗೈ ಹಸಿರು, ನಿನ್ನ ಮೂಗಿನ ತುದಿ ಹಸಿರು. ಇನ್ನು ಹಿಮ. ಕೇರಿ ಮುಗಿದಾಚೆಯ ಮನೆಯ, ಹತ್ತಿ ಹಿಂಜುವ ಪಿಂಜಾರರ ಮೌಲಾಬಿ ಬಿಲ್ಲು ಮೀಟಿ ಅರಳೆ ಹಿಂಜಿಕೊಟ್ಟಳು. "ಗಾದಿಗಲ್ಲ, ದಿಂಬಿಗಲ್ಲ, ಗಿಡಕ್ಕ ಅರಳಿ ಬೇಕಂತ! ಸಾರಕ್ಕಾ, ನಿನ್ನ ಗಿಡಕ್ಕೇನು ಥಂಡಿ ಆಗೈತೇನು?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೊದಲು ಜೋಳದ ಗಂಜಿಯಲ್ಲಿ ಹಚ್ಚಿದೆವು. ಅದು ಒಣಗಿ ಹಪ್ಪಳದ ಹಾಗೆ ಎದ್ದಿತು. ಮೌಲಾಬಿಯ ಕೋಳಿ ಬಂದು ಗಂಜಿ ಕುಕ್ಕಿ, ಕೊಕ್ಕಿಗೆ ಬಿಳಿ ಗಡ್ಡ ಅಂಟಿಸಿಕೊಂಡು ಕೇರಿಯೆಲ್ಲ ಓಡಾಡಿತು. ಆಮೇಲೆ ನೀನೇ ಹಳ್ಳದ ದಂಡೆಗೆ ಹೋಗಿ ಜಾಲಿಮರದ ಅಂಟು ಕಿತ್ತು ತಂದೆ. ಅದನ್ನು ನೆನೆಸಿ, ಬೆಚ್ಚಗೆ ಮಾಡಿ, ಕೊಂಬೆಗೆ ಸವರಿ, ಕೈಗೆ ಜಿಗಿ ಹತ್ತುವ ತನಕ ಕಾದು ಅರಳೆ ಒತ್ತಿದೆ. ಎಲ್ಲಿ ಒತ್ತಿದೆ? ಕೊಂಬೆಯ ಕೆಳಗೆ. ಹತ್ತಿಕಾಯಿ ಒಡೆದಾಗ ಹೇಗೆ ಜೋತು ಬೀಳುತ್ತದೋ ಹಾಗೆ, ಒಂದೊಂದನ್ನೂ ಕೆಳಕ್ಕೆ ಎಳೆದು ತುದಿ ಚೂಪು ಮಾಡಿದೆ. ದೊರಸಾನಿ ಹತ್ತಿ ಹಾಗೆ ಎಂದಿದ್ದಳಲ್ಲ? ಹತ್ತಿ ಹೇಗಿರುತ್ತದೆ ಎಂದು ನಿನಗೆ ಯಾರೂ ಕಲಿಸಬೇಕಾಗಿರಲಿಲ್ಲ. ನಡೆಯಲು ಕಲಿತಾಗಿನಿಂದ ಗೌಡರ ಹೊಲದಲ್ಲಿ ಹತ್ತಿ ಬಿಡಿಸಿದ ಕೈ ನಿನ್ನದು.

ಯೋಹಾನಪ್ಪ ಕಾಕಾ ಬಂದು ಬಾಗಿಲಲ್ಲಿ ನಿಂತ ಗಳಿಗೆ ನನ್ನ ಕಣ್ಣಿಗೆ ಕಟ್ಟಿದಂತಿದೆ. ಚರ್ಚಿನ ಸಭೆಯ ಹಿರಿಯರು, ಭಜನೆಯ ಮುಂದಾಳು. ಅವರು ತಾಳ ಹಿಡಿದರೆ ಇಡೀ ಕೇರಿ ಹಿಂದೆ ನಡೆಯುತ್ತದೆ.

"ಇದೇನವಾ ಸಾರಮ್ಮ?"

"ಹಿಮ ರೀ."

"ಹಿಮ ಮ್ಯಾಲ ಕುಂದ್ರತೈತಿ. ನೀ ಕೆಳಗ ಜೋತು ಬಿಟ್ಟೀಯಲ್ಲ!" ಎಂದು ಜೇಬಿನ ಕರವಸ್ತ್ರ ತೆಗೆದು ಬಿಚ್ಚಿ, ಹಿಮ ಬಿದ್ದ ಗಿಡದ ಚಿತ್ರವಿದ್ದ ಒಂದು ಕಾರ್ಡು ತೋರಿಸಿದರು. "ನೋಡು. ದೊರಸಾನಿ ತನ್ನ ದೇಶದಿಂದ ನಮ್ಮ ಸಭಿಗೆ ಕಳಿಸ್ಯಾಳ. ಮುಗಲಿಂದ ಬೀಳೋದು ಕೊಂಬಿ ಮ್ಯಾಲ ಬೀಳತೈತೋ, ಕೊಂಬಿ ಕೆಳಗ ಬೀಳತೈತೋ?"

ನೀನು ಕಾರ್ಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದೆ. ಕಾಕಾ ಹೇಳಿದ್ದು ಸರಿ ಎಂದು ನಿನಗೆ ತಿಳಿಯಿತು, ನಿನ್ನ ಮುಖದಲ್ಲೇ ಕಾಣುತ್ತಿತ್ತು. ಕಾರ್ಡು ಮರಳಿ ಕೊಟ್ಟು ಹೇಳಿದೆ, "ಖರೇ ಐತ್ರಿ. ಅಲ್ಲಿ ಬಿಳುಪು ಮ್ಯಾಲಿಂದ ಬೀಳತೈತಿ. ನಮ್ಮಲ್ಲಿ ಒಳಗಿಂದ ಒಡೀತೈತಿ. ನಾ ಕಣ್ಣಿಲೆ ಕಂಡದ್ದು ಇದು. ಕಾಣಲಾರದ್ದನ್ನ ನನ್ನ ಮನಿಯಾಗ ಯಾಕ ಹಚ್ಚಲಿ?"

"ಪಾದ್ರಿಗಳು ನೋಡಿದ್ರ ನಗತಾರ. ಕೇರಿ ಮರ್ಯಾದಿ ಹೋಗತೈತಿ. ಸರಿ ಮಾಡಿ ಹಚ್ಚು. ಇಲ್ಲಂದ್ರ ಭಜನಿ ನಿನ್ನ ಬಾಗಲಾಗ ನಿಂದ್ರಂಗಿಲ್ಲ."

ಭಜನೆ ನಿಲ್ಲದಿರುವುದು ಎಂದರೆ ಏನು ಎಂದು ನಮಗೆ ಗೊತ್ತಿರಲಿಲ್ಲವೇ? ಕ್ರಿಸ್‌ಮಸ್ಸಿನ ನಸುಕಿನಲ್ಲಿ ಕೇರಿಯ ಪ್ರತಿ ಬಾಗಿಲ ಮುಂದೆ ಒಂದು ಹಾಡು, ಒಂದು ಪ್ರಾರ್ಥನೆ, ಆ ಮನೆಯ ಕರ್ಚಿಕಾಯಿ. ತಪ್ಪು ಮಾಡಿ ಸಭೆಯಿಂದ ಹೊರಗಾದವರ ಮನೆಯನ್ನು ಮಾತ್ರ ಅದು ದಾಟಿ ಹೋಗುತ್ತದೆ. ಅಂಥ ಮನೆಗೆ ಹೆಣ್ಣು ಕೇಳಲು ಯಾರೂ ಬರುವುದಿಲ್ಲ. ನಾನು ಮದುವೆಗೆ ಬಂದ ಹುಡುಗಿ. ಕಾಕಾ ಹೋದ ಮೇಲೆ ನೀನು ಆ ದಿನ ಮೊದಲ ಸಲ ಮೆತ್ತಗಾದೆ. "ಏನ್ ಮಾಡೋಣಲೇ ರೂತಿ? ನಿನ್ನ ಬಾಳೇ ಐತಿದು" ಎಂದೆ. ನಾನು ಅರಳೆಯ ಬುಟ್ಟಿಯನ್ನು ನಿನ್ನ ಮುಂದೆ ತಳ್ಳಿ, "ಮ್ಯಾಲ ಒಂದು ಎಳಿನೂ ಬ್ಯಾಡ" ಎಂದೆ. ಯೋಚನೆ ಮಾಡದೆ ಆಡಿದ ಮಾತಲ್ಲ ಅದು. ಇವತ್ತೂ ಅದನ್ನೇ ಆಡುತ್ತೇನೆ.

ಆ ನಸುಕು... ತಾಳದ ಸದ್ದು ಕೇರಿಯ ಆ ತುದಿಯಿಂದ ಬಂತು, ಈಚೆಮನೆಯ ಬಾಗಿಲಿಗೆ ಬಂತು, ನಮ್ಮ ಬಾಗಿಲಿಗೆ ಬರುವಾಗ ಸುಮ್ಮನಾಯಿತು. ಕಾಲಿನ ಸಪ್ಪಳ ಮಾತ್ರ ಹಳ್ಳದ ಕಡೆ ಹೋಯಿತು. ನೀನು ಸೆರಗು ಬಿಗಿದು ಕಟ್ಟೆಯ ಮೇಲೆ ನಿಂತು, ಅವರು ಹಾಡದೆ ಬಿಟ್ಟ ಹಾಡನ್ನು ಮೊದಲ ನುಡಿಯಿಂದ ಕೊನೆಯ ನುಡಿಯ ತನಕ ಒಬ್ಬಳೇ ಹಾಡಿದೆ. ನಿನ್ನ ಗಂಟಲೇನು ಸಣ್ಣದೇ? ಹಳ್ಳದಾಚೆಗೂ ಕೇಳಿರಬೇಕು. ಆಚೆಮನೆಯ ಮೌಲಾಬಿಗೆ ಹಾಡು ಗೊತ್ತಿಲ್ಲ, ಚಪ್ಪಾಳೆ ಹಾಕಿದಳು. ಮುಗಿದ ಮೇಲೆ ನೀನು ನನಗೊಂದು ಕರ್ಚಿಕಾಯಿ ಕೊಟ್ಟು, "ತಿನ್ನಲೇ. ಊರಿಗೆ ಬಂದಾಕಿ ನೀರಿಗೆ ಬರಲಾರದ ಇರ್ತಾಳೇನು? ಬರ್ತಾರ" ಎಂದೆ.

ಬಂದರೇ? ಬರಲಿಲ್ಲ. ಮರುವರ್ಷವೂ ಇಲ್ಲ, ಅದರ ಮರುವರ್ಷವೂ ಇಲ್ಲ. ಆದರೆ ಹಬ್ಬದ ಮಧ್ಯಾಹ್ನ ಗಂಡಸರು ಉಂಡು ಮಲಗಿದ ಹೊತ್ತಿಗೆ ಕೇರಿಯ ಹೆಂಗಸರು ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಹಿತ್ತಲ ಬಾಗಿಲಿಂದ ಬಂದು ಗಿಡ ನೋಡಿ ಹೋಗುತ್ತಿದ್ದರು. ನೀನು ಯಾರನ್ನೂ ಹಂಗಿಸಲಿಲ್ಲ. "ಮುಟ್ರೇ, ಮುಟ್ರೇ, ನಮ್ಮ ಗಿಡ ಮುಟ್ಟಿದ್ರ ಬಾಡಂಗಿಲ್ಲ" ಎನ್ನುತ್ತಿದ್ದೆ. ಹಿತ್ತಲಿಂದ ಬರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ನೋಡುವುದಾದರೆ ಮುಂಬಾಗಿಲಿಂದ ಬರಲಿ ಎನ್ನುತ್ತಿದ್ದೆ. ನೀನು ನನ್ನ ಬಾಯಿಗೆ ಕರ್ಚಿಕಾಯಿ ತುರುಕಿ ಸುಮ್ಮನಾಗಿಸುತ್ತಿದ್ದೆ.

ನಿನ್ನ ಕೊನೆಯ ಕ್ರಿಸ್‌ಮಸ್ಸಿನಲ್ಲಿ ನೀನು ಹೊರಸಿನ ಮೇಲೆ ಮಲಗಿದ್ದೆ. ಕೈ ಎತ್ತಲು ಆಗುತ್ತಿರಲಿಲ್ಲ, ಬಾಯಿ ಮಾತ್ರ ಗಟ್ಟಿ. "ಅಲ್ಲಿ ಒಣಗೈತಿ, ಇನ್ನೊಂಚೂರು ಅಂಟು ಸವರು... ಎಳಿ, ಕೆಳಗೆಳಿ..." ಎಂದು ಮಲಗಿದಲ್ಲಿಂದಲೇ ಅಪ್ಪಣೆ. ಮಲಗಿದವಳಿಗೆ ಆ ಬಿಳಿ ತುದಿಗಳೆಲ್ಲ ನೇರ ಮುಖದ ಮೇಲೆ ತೂಗುವ ಹಾಗೆ ಕಾಣುತ್ತಿದ್ದವು. "ನೋಡಿದ್ಯಾ? ಮ್ಯಾಲ ಹಚ್ಚಿದ್ರ ನನಗೇನು ಕಾಣ್ತಿತ್ತು?" ಎಂದು ನಕ್ಕೆ. ಅದರ ಮುಂದಿನ ಮಳೆಗಾಲದಲ್ಲಿ ನೀನು ಹೋಗಿಬಿಟ್ಟೆ. ನಿನ್ನ ಮಣ್ಣಿಗೆ ಯೋಹಾನಪ್ಪ ಕಾಕಾ ಬಂದರು, ತಾಳ ಹಿಡಿದು ಹಾಡಿದರು, ಕಣ್ಣೂ ಒರೆಸಿಕೊಂಡರು. ನಾನು ಒರೆಸಿಕೊಳ್ಳಲಿಲ್ಲ. ಕುಣಿಯ ಮುಂದೆ ನಿಂತು ಹಾಡಲು ಬಂದ ಕಾಲುಗಳಿಗೆ, ನೀನು ಬದುಕಿದ್ದಾಗ ಬಾಗಿಲ ಮುಂದೆ ನಿಲ್ಲಲು ಏನಾಗಿತ್ತು? ಅವತ್ತೇ ಕೇಳಬೇಕಿತ್ತು. ಮೌಲಾಬಿ ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಳು.

ಈಗ ಈ ವರ್ಷದ ಸುದ್ದಿ. ಹೋದ ವಾರ ಕಾಕಾ ಅವರ ಸೊಸೆ ಎಸ್ತೇರು ಬಂದಳು. ಮುಂಬಾಗಿಲಿಂದಲೇ ಬಂದಳು.

"ಅಕ್ಕಾ, ಚೂರು ಜಾಲಿ ಅಂಟು ಕೊಡ್ರಿ. ಮನಿಯಾಗ ಗಿಡ ಮಾಡಾಕತ್ತೀನಿ. ಸಾರಮ್ಮಾಯಿ ಎಳೀತಿದ್ಲಲ್ಲ ಅರಳಿ, ಅದು ನನಗ ಬರವಲ್ತು."

"ನಿಮ್ಮ ಮಾವನ ಹತ್ರ ಕಾರ್ಡು ಐತಲ್ಲ, ಅದನ್ನ ನೋಡಿ ಮ್ಯಾಲ ಹಚ್ಚು."

"ಹಚ್ಚಿದ್ದೆ ರೀ. ಹುಡುಗ್ರು ಅತ್ತವು. ಇದು ಹಿಮ ಅಲ್ಲ, ಹಿಮ ಕೆಳಗ ಇರತೈತಿ ಅಂದ್ವು!"

ಚಿಗವ್ವ, ನಾನು ಎಷ್ಟು ನಕ್ಕೆ ಗೊತ್ತೇ? ನಗುತ್ತ ನಗುತ್ತ ಅತ್ತೆ. ನಿನ್ನ ಗಿಡವನ್ನು ಕಂಕುಳಲ್ಲಿ ಕೂತು ನೋಡಿದ ಮಕ್ಕಳು ಅವು. ಬೇರೆ ಹಿಮ ಅವಕ್ಕೆ ಗೊತ್ತೇ ಇಲ್ಲ. ಎಸ್ತೇರಿನ ಹಿಂದೆ ಇನ್ನೊಬ್ಬಳು ಬಂದಳು, ಮತ್ತೊಬ್ಬಳು ಬಂದಳು. ಮುರಿದ ಛತ್ರಿ ಸಿಗದವರು ತೊಗರಿಯ ಕಟ್ಟಿಗೆಯಿಂದ ಗಿಡ ಕಟ್ಟಿದರು. ಮೌಲಾಬಿಯ ಬಿಲ್ಲಿಗೆ ಬಿಡುವಿಲ್ಲ. ಹಬ್ಬದ ಹಿಂದಿನ ಸಂಜೆ ನಾನು ಕೇರಿ ಸುತ್ತಿ ಬಂದೆ. ನೋಡಿದ ಪಡಸಾಲೆಯಲ್ಲೆಲ್ಲ ಹತ್ತಿ ಕೆಳಗೆ ಜೋತಿತ್ತು.

ಭಜನೆ ಯಾವಾಗಲೂ ಹಿರಿಯರ ಮನೆಯಿಂದಲೇ ಹೊರಡುತ್ತದೆ. ಇವತ್ತು ನಸುಕಿನಲ್ಲಿ ಕಾಕಾ ತಾಳ ಹಿಡಿದು ಹೊರಬಂದರೆ ಅವರ ಬೆನ್ನ ಹಿಂದೆಯೇ ಅವರ ಮನೆಯ ಗಿಡ. ಅದನ್ನು ದಾಟಿದರೆ ಮುಂದಿನ ಮನೆಯಲ್ಲೂ ಅದೇ. ತಮ್ಮ ಮಾತು ನಡೆಸಬೇಕೆಂದರೆ ಹಾಡದೆ ಬಾಯಿ ಮುಚ್ಚಿಕೊಂಡು ಹಳ್ಳದ ತನಕ ನಡೆಯಬೇಕು! ಹಾಡಿದರು. ಬಾಗಿಲು ಬಾಗಿಲಿಗೆ ಹಾಡುತ್ತ ಕೊನೆಗೆ ನಮ್ಮ ಬಾಗಿಲಿಗೆ ಬಂದರು. ನಿಂತರು. ನಾನು ಒಳಗಿನಿಂದ ಚಿಲಕ ಹಾಕಿದ್ದೆ. ಹಾಡು ಮುಗಿಯಿತು, ತೆಗೆಯಲಿಲ್ಲ.

"ರೂತಮ್ಮ, ಬಾಗಲಾ ತಗಿಯವಾ."

"ಇದು ಈ ವರ್ಷದ್ದಾತ್ರಿ ಕಾಕಾ. ನಮ್ಮ ಚಿಗವ್ವ ಒಬ್ಬಾಕೀನ ಹಾಡಿದ್ದಳಲ್ಲ, ಆ ವರ್ಷದ್ದು ಯಾರು ಹಾಡಬೇಕ್ರಿ? ಅದರ ಮುಂದಿಂದು?"

ಹೊರಗೆ ಗುಸುಗುಸು. ಯಾರೋ ಕಿಸಕ್ಕನೆ ನಕ್ಕರು. ಇವಳಿಗೆ ಎಷ್ಟು ಸೊಕ್ಕು ಎಂದು ಯಾರೋ ಗೊಣಗಿದರು. ಹೌದು, ಸೊಕ್ಕೇ. ಸಾಕಿದವಳ ಸೊಕ್ಕು, ನನಗೆ ಬಾರದೆ ಇನ್ಯಾರಿಗೆ ಬರಬೇಕು? ಆಮೇಲೆ ತಾಳದ ಸದ್ದು ಬಂತು. ಕಾಕಾ ಮೊದಲು ಒಬ್ಬರೇ ಎತ್ತಿಕೊಂಡರು, ಬಳಿಕ ಎಲ್ಲರೂ ಕೂಡಿದರು. ಭಜನೆ ದಾಟಿ ಹೋದ ವರ್ಷಕ್ಕೆ ಒಂದರಂತೆ ಅಷ್ಟೂ ಹಾಡಿದರು. ಆಚೆಮನೆಯಿಂದ ಮೌಲಾಬಿಯ ಚಪ್ಪಾಳೆ. ಹೊತ್ತು ಹುಟ್ಟಿತ್ತು, ಆಗ ಚಿಲಕ ತೆಗೆದೆ.

ಜನ ನುಗ್ಗಿದರು, ಅರಳೆ ಉದುರಿತು. ಕಾಕಾ ಗಿಡದ ಮುಂದೆ ನಿಂತು, "ಇನ್ನೂ ಕೆಳಗ ಐತಲ್ಲವಾ" ಎಂದರು. "ಹೌದ್ರಿ, ನಿಮ್ಮ ಮನಿಯಾಗೂ" ಎಂದೆ. ನೆಲದ ಮೇಲೆ ಬಿದ್ದಿದ್ದ ಒಂದು ಹಿಡಿ ಅರಳೆಯನ್ನು ಎತ್ತಿಕೊಂಡು ಎಲ್ಲಿ ಹಚ್ಚಬೇಕೆಂದು ಕೇಳಿದರು. ನಾನು ಎಲ್ಲಕ್ಕಿಂತ ಕೆಳಗಿನ ಕೊಂಬೆ ತೋರಿಸಿದೆ. ಮೇಲೆ ಹಚ್ಚುವುದಾದರೆ ನಿಂತೇ ಹಚ್ಚಬಹುದಿತ್ತು. ಕೆಳಗೆ ಹಚ್ಚಲು ನೆಲಕ್ಕೆ ಮೊಣಕಾಲು ಊರಬೇಕು.

ದೀಪಾವಳಿಯ ಹೊತ್ತಿಗೆ ನಾವು ಹೈದರಾಬಾದಿನಿಂದ ಮೈಸೂರು ರಾಜ್ಯಕ್ಕೆ ಸೇರಿದೆವಂತೆ, ಅದೊಂದು ಸುದ್ದಿ. ನಿನಗೆ ಅದು ಬೇಡ. ನಿನಗೆ ಬೇಕಾದದ್ದು ಇಷ್ಟೇ, ಚಿಗವ್ವ: ಕಾಕಾ ಮೊಣಕಾಲೂರಿದರು. ಅಂಟು ಸವರಿ ಅರಳೆ ಒತ್ತಿದರು, ಕೆಳಕ್ಕೆ ಎಳೆದು ತುದಿ ಚೂಪು ಮಾಡಿದರು. ಹತ್ತಿ ಬಿಡಿಸಿ ಬೆಳೆದ ಕೈ ಅವರದೂ ಅಲ್ಲವೇ, ಒಂದೇ ಸಲಕ್ಕೆ ಬಂತು. ನಾನು ಅವರಿಗೊಂದು ಕರ್ಚಿಕಾಯಿ ಕೊಟ್ಟೆ.

ನಿನ್ನ ಸೊಕ್ಕಿನ ಮಗಳು,
ರೂತಿ